ವ್ಯಸನಮುಕ್ತಿಯ ಸಲಹೆಗಾರನ ಶಿಕ್ಷಣ

 

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ಸಂಚರಿಸಿ, ಜೋಳಿಗೆಯನ್ನೊಡ್ಡಿ, ಕಾಳುಕಡಿಗಳ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಸಂಗತಿಯು ನಾಡಿಗೆಲ್ಲ ವಿದಿತವಾದುದು. ಆದರೆ ಜೋಳಿಗೆಗೆ ಕುಡಿತವನ್ನು ಹಾಕಿದವನು ಮನೆಗೆ ಮರಳಿದ ಮೇಲೆ ಆ ರಾತ್ರಿ ಅವನ ಬಳಿ ಕುಳ್ಳಿರತಕ್ಕವರಾರು? ಅವರಿಗೆ ತಿಳಿದಿರಬೇಕಾದುದೇನು?

ಬಹುವರ್ಷ ದಿನವೂ ಮದ್ಯಕ್ಕೆ ಒಗ್ಗಿದ ಶರೀರವು ಅದನ್ನು ಥಟ್ಟನೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುವುದು, ಮೈ ಬೆವರುವುದು. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಅಪಸ್ಮಾರದಂತೆ ಸೆಳವು ಬರುವುದುಂಟು. ಎರಡು ಮೂರು ದಿನಗಳ ತರುವಾಯ ಇಲ್ಲದುದನ್ನು ಕಾಣುವ ಸನ್ನಿಯೂ ತೋರಬಹುದು. ಇದು ಪ್ರಾಣಾಪಾಯದ ಸ್ಥಿತಿ. ಇದನ್ನು ಮನೋದೌರ್ಬಲ್ಯವೆಂದು ಗದರಿಸಿ ಕೋಣೆಯಲ್ಲಿ ಕೂಡಿಹಾಕುವುದು ಶುದ್ಧ ಅವಿವೇಕ. ಆದುದರಿಂದ ಸಲಹೆಗಾರನು ಮೊಟ್ಟಮೊದಲು ಕಲಿಯತಕ್ಕುದು ತನ್ನ ವಿದ್ಯೆಯ ಎಲ್ಲೆಯನ್ನು. ಯಾರನ್ನು ಯಾವ ಹೊತ್ತಿನಲ್ಲಿ ವೈದ್ಯರ ಬಳಿಗೆ ಒಯ್ಯಬೇಕೆಂಬುದನ್ನು.

ಇನ್ನುಳಿದುದು ಕಿವಿಯ ಶಿಕ್ಷಣ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರನು 1983ರಲ್ಲಿ ಪ್ರಕಟಿಸಿದ ಸಂಭಾಷಣಾವಿಧಾನವು ಇದಕ್ಕೆ ಆಧಾರ. 'ಬಿಡು, ಬಿಡು' ಎಂದು ಒತ್ತಿದಷ್ಟೂ ವ್ಯಸನಿಯು ಬಿಡದಿರಲು ನೆವಗಳನ್ನೇ ಹುಡುಕುವನು. ಬಿಡಬೇಕಾದ ಕಾರಣವು ಅವನ ಬಾಯಿಂದಲೇ ಹೊರಡಬೇಕು. 'ಹೆಂಡಿರು ಮಕ್ಕಳ ಗತಿಯೇನು?' ಎಂದು ಹಂಗಿಸುವ ಬದಲು, 'ಕುಡಿತದಿಂದ ನಿಮಗೇನು ತೊಂದರೆಯಾಗಿದೆ?' ಎಂದು ಕೇಳಿ ಸುಮ್ಮನಿರಬೇಕು. ಈ ಸುಮ್ಮನಿರುವಿಕೆಯು ಗ್ರಂಥ ಓದಿದ ಮಾತ್ರಕ್ಕೆ ಬಾರದು. ಕಲಿಯುವವರಲ್ಲಿ ಒಬ್ಬರು ವ್ಯಸನಿಯಾಗಿಯೂ ಮತ್ತೊಬ್ಬರು ಸಲಹೆಗಾರರಾಗಿಯೂ ಅಭಿನಯಿಸಿ, ಆಡಿದ ಮಾತನ್ನು ಧ್ವನಿಮುದ್ರಿಸಿ, ಅನುಭವಿಗಳ ಮುಂದೆ ಕೇಳಿ ತಿದ್ದಿಕೊಳ್ಳುವರು. ಉಪದೇಶವೇ ರೂಢಿಯಾದವರಿಗೆ ಇದು ಬಲು ಕಷ್ಟ. ಮಠಗಳ ಆಸುಪಾಸಿನಲ್ಲಿ ಅಂಥವರಿಗೇನೂ ಕೊರತೆಯಿಲ್ಲ! ಕೇಳಿದ ಗುಟ್ಟು ಜಗಲಿಯ ಮಾತಾಗದಂತೆ ಕಾಯುವುದೂ ಈ ಶಿಕ್ಷಣದ ಅಂಗವೇ.

ತಾನೇ ವ್ಯಸನದಿಂದ ಪಾರಾದವನು ಇದಕ್ಕೆ ತಕ್ಕವನೇ? ಅಮೆರಿಕದ ಮಿನೆಸೋಟಾ ಪ್ರಾಂತದ ವಿಲ್ಮರ್ ಆಸ್ಪತ್ರೆಯು 1950ರ ದಶಕದಲ್ಲಿ ಅಂಥವರನ್ನು ವೈದ್ಯರೊಡನೆ ಸಲಹೆಗಾರರನ್ನಾಗಿ ನೇಮಿಸಿತು. ಅವರ ಅನುಭವವು ದೊಡ್ಡ ಬಂಡವಾಳವೇ ಸರಿ. ಆದರೆ 'ನಾನು ಬಿಟ್ಟೆ, ನೀನೇಕೆ ಬಿಡಲಾರೆ?' ಎಂಬ ಬಿರುಸುಮಾತೂ ಆ ಅನುಭವದಿಂದಲೇ ಹುಟ್ಟುವುದು. ಆದಕಾರಣ ಅವರಿಗೂ ಶಿಕ್ಷಣ ಬೇಕು.

ಪ್ರತಿಜ್ಞೆ ಮಾಡಿ ಮತ್ತೆ ಕುಡಿದವನು ನಾಚಿಕೆಯಿಂದ ಮಠದ ಮೆಟ್ಟಿಲನ್ನು ಹತ್ತನು. ಶಿಕ್ಷಣ ಪಡೆದವನು ಅವನನ್ನು ತಾನಾಗಿ ಹುಡುಕಿಕೊಂಡು ಹೋಗುವನು. ಪ್ರತಿಜ್ಞೆಯ ಮಾತೆತ್ತದೆ, ಯಾವ ಹೊತ್ತಿನಲ್ಲಿ, ಯಾರ ಸಂಗದಲ್ಲಿ, ಯಾವ ದುಃಖದಲ್ಲಿ ಕೈ ಮತ್ತೆ ಬಟ್ಟಲಿಗೆ ಹೋಯಿತೆಂದು ಮೆಲ್ಲನೆ ವಿಚಾರಿಸುವನು.