ಏಣಿಯ ಕೆಳಗಿನ ಮೆಟ್ಟಿಲು



‘ಯಂತ್ರವೇ ಎಲ್ಲ ಮಾಡಿಬಿಟ್ಟರೆ ನಮ್ಮ ಮಕ್ಕಳಿಗೆ ಕೆಲಸ ಎಲ್ಲಿಂದ?’ ಈ ಪ್ರಶ್ನೆ ಈಗ ಮನೆಮನೆಯಲ್ಲೂ ಕೇಳಿಬರುತ್ತಿದೆ. ಮುಂಬಯಿ ಕನ್ನಡಿಗರಾದ ನಮಗೆ ಇದು ತೀರ ಹೊಸ ಪ್ರಶ್ನೆಯೇನಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ, ಇಂದಿನ ಮಾತಿಗೆ ಅವರನ್ನೂ ಹತ್ತಿರ ಕೂರಿಸಿಕೊಳ್ಳಿ.

ಊರಿನಿಂದ ಬರಿಗೈಯಲ್ಲಿ ಬಂದ ಹುಡುಗ ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ. ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದ. ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಬ್ಯಾಂಕಿನ ಗುಮಾಸ್ತನಾಗುತ್ತಿದ್ದ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ನಮ್ಮ ಕರಾವಳಿಯಲ್ಲೇ ಹುಟ್ಟಿದವು. ಆ ಏಣಿ ಹತ್ತಿದವರ ಮಕ್ಕಳೇ ಇಂದು ಇಂಜಿನಿಯರುಗಳು, ಡಾಕ್ಟರುಗಳು.

ಈ ಬ್ಯಾಂಕಿನೊಳಗೇ ಯಂತ್ರ ಬಂತು. ಗಣಕಯಂತ್ರ ಬೇಡವೆಂದು ನೌಕರರ ಸಂಘಗಳು ಬಹಳ ಕಾಲ ಹೋರಾಡಿದವು. 1983ರಲ್ಲಿ ಬ್ಯಾಂಕುಗಳೊಡನೆ ಒಪ್ಪಂದವಾಗಿ, ಮಿತಿಯೊಳಗೆ ಯಂತ್ರಗಳಿಗೆ ದಾರಿಯಾಯಿತು. 1987ರಲ್ಲಿ ದೇಶದ ಮೊದಲ ಎಟಿಎಂ ನಮ್ಮ ಈ ಮುಂಬಯಿಯಲ್ಲೇ ಶುರುವಾಯಿತು. 2000-01ರಲ್ಲಿ ಸ್ವಯಂನಿವೃತ್ತಿ ಯೋಜನೆ ಬಂದಾಗ ಸರಕಾರಿ ಬ್ಯಾಂಕುಗಳ ಸುಮಾರು ಒಂದು ಲಕ್ಷ ನೌಕರರು ಹಣ ಪಡೆದು ಮನೆಗೆ ಹೋದರು. ಕೆಲವರಿಗೆ ಅದು ನೆಮ್ಮದಿ ತಂದಿತು, ಕೆಲವರಿಗೆ ಸಂಕಟ. ಏನೇ ಇರಲಿ, ಅವರ ಕೈಗೆ ಏನಾದರೂ ಸಿಕ್ಕಿತು. ಅವರ ಪರವಾಗಿ ಮಾತಾಡಲು ಸಂಘವೂ ಇತ್ತು.

ಏನೂ ಸಿಗದವರು ಬೇರೆ ಇದ್ದರು. ಆಗಷ್ಟೇ ಪದವಿ ಮುಗಿಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತ ಕೂತವರು. ಗುಮಾಸ್ತರ ನೇಮಕಾತಿ ಹಲವು ವರ್ಷ ತೀರ ಕಡಿಮೆಯಾಯಿತು. ಕೆಲಸದಿಂದ ಯಾರನ್ನೂ ತೆಗೆದಿರಲಿಲ್ಲವಾದ್ದರಿಂದ ಅವರ ನಷ್ಟ ಸುಲಭವಾಗಿ ಕಣ್ಣಿಗೆ ಬೀಳುವಂಥದಾಗಿರಲಿಲ್ಲ. ಮುಂದೆ ನೇಮಕಾತಿ ಮತ್ತೆ ಶುರುವಾಯಿತು, ಶಾಖೆಗಳೂ ಹೆಚ್ಚಿದವು, ನಿಜ. ಆದರೆ 1990ರ ದಶಕದ ಆರಂಭದಲ್ಲಿ ಬ್ಯಾಂಕ್ ನೌಕರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿದ್ದ ಗುಮಾಸ್ತರು ಮೂವತ್ತು ವರ್ಷದಲ್ಲಿ ಕಾಲುಭಾಗಕ್ಕಿಂತ ಕಡಿಮೆಯಾದರು. ಹೋಟೆಲ್ ಹುಡುಗ ಕಾಲಿಡುತ್ತಿದ್ದ ಮೆಟ್ಟಿಲೇ ಸವೆದುಹೋಯಿತು.

ಹಾಗೆಂದು ಯಂತ್ರವನ್ನು ಶಪಿಸಲಾರೆ. ಟೋಕನ್ ಹಿಡಿದು ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಮತ್ತೆ ಬರಲಿ ಎಂದು ಯಾರು ತಾನೇ ಬಯಸುತ್ತಾರೆ? ಇಂದು ಊರಿನ ಅಮ್ಮನಿಗೆ ಮಗ ಕಳಿಸಿದ ದುಡ್ಡು ಕ್ಷಣದಲ್ಲಿ ತಲುಪುತ್ತದೆ. 2016ರಲ್ಲಿ ಯುಪಿಐ ಬಂದ ಮೇಲೆ ಸೊಪ್ಪು ಮಾರುವವರೂ ಚಿಲ್ಲರೆಯ ತಾಪತ್ರಯವಿಲ್ಲದೆ ವ್ಯಾಪಾರ ಮಾಡುತ್ತಾರೆ. ನಮ್ಮ ಬದುಕು ಹಗುರಾಗಿದೆ. ಹಗುರಾದ ಲಾಭ ನಮಗೆಲ್ಲ ಚೂರುಚೂರು ಹಂಚಿಹೋಯಿತು. ನಷ್ಟ ಮಾತ್ರ ಆ ಒಂದು ತಲೆಮಾರಿನ ಹುಡುಗ ಹುಡುಗಿಯರ ತಲೆಯ ಮೇಲೆ ಇಡಿಯಾಗಿ ಬಿತ್ತು.

ಈಗ ಬಂದಿರುವ ಯಂತ್ರ ಪತ್ರ ಬರೆಯುತ್ತದೆ, ಅನುವಾದ ಮಾಡುತ್ತದೆ, ಕನ್ನಡವನ್ನು ಓದಿಯೂ ಹೇಳುತ್ತದೆ. ಮೈಕಿನ ಮುಂದೆ ಕೂತು ಅನ್ನ ತಿನ್ನುವ ನಾನು ಇದನ್ನು ನಗುತ್ತ ಹೇಳಲಾರೆ. ಆದರೂ ನನಗೆ ನನ್ನ ಕುರ್ಚಿಗಿಂತ ಹೆಚ್ಚಿನ ಚಿಂತೆ, ನಾಳೆ ಕನ್ನಡ ಬಿ.ಎ. ಮಾಡಿ ನಮ್ಮ ಸ್ಟುಡಿಯೋ ಬಾಗಿಲಿಗೆ ಬರುವ ಹುಡುಗಿಯದು. ಮೊದಮೊದಲು ತಡವರಿಸಿ, ತಿದ್ದಿಸಿಕೊಂಡು, ಚಿಕ್ಕಪುಟ್ಟ ಪ್ರಕಟಣೆ ಓದಿ ಕಲಿಯುವ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟರೆ ಅವಳು ಕಲಿಯುವುದೆಲ್ಲಿ?

ಇಂದು ಊರಿನಿಂದ ಬರುವ ಹುಡುಗನಿಗೆ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಬೇಗ ಸಿಗುತ್ತದೆ. ಯಾವ ಮನೆಗೆ, ಯಾವ ದಾರಿಯಲ್ಲಿ ಹೋಗಬೇಕೆಂದು ಮೊಬೈಲೇ ಹೇಳುತ್ತದೆ. ಹತ್ತು ವರ್ಷ ಓಡಿಸಿದರೂ ಅಲ್ಲಿಂದ ಮೇಲಕ್ಕೆ ಹತ್ತುವ ದಾರಿ ಕಾಣುವುದು ಕಷ್ಟ. ಹಿಂದಿನ ಹೋಟೆಲಿನಲ್ಲಿ ಕಪ್ಪು-ಬಸಿಯಿಂದ ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ಸ್ವಂತ ಹೋಟೆಲಿಗೆ ಏರಿದವರು ಎಷ್ಟು ಮಂದಿ!

ಆದ್ದರಿಂದ ಹೊಸ ಯಂತ್ರ ಬಂದಾಗಲೆಲ್ಲ, ‘ಇದರಿಂದ ಯಾರ ಕೆಲಸ ಹೋಗುತ್ತದೆ?’ ಎಂಬುದರ ಜೊತೆಗೆ, ‘ಹೊಸಬರು ಇನ್ನು ಎಲ್ಲಿಂದ ಹತ್ತಬೇಕು?’ ಎಂದೂ ಕೇಳೋಣ. ನೌಕರರ ಸಂಘದಲ್ಲಿರುವವರು ಮಾತುಕತೆಯ ಮೇಜಿನ ಮೇಲೆ ಇದನ್ನು ಇಡಬೇಕು. ಸ್ವಂತ ಉದ್ಯಮ ಇರುವವರು ಯಂತ್ರದಿಂದ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಕಲಿಯುವ ಹುಡುಗರ ಸಂಬಳಕ್ಕೆ ಎತ್ತಿಡಬಹುದು. ನಿವೃತ್ತರು ಸಂಜೆ ಒಂದು ಗಂಟೆ, ತಮ್ಮ ಕನ್ನಡ ಸಂಘದ ಕೋಣೆಯಲ್ಲಿ, ಲೆಕ್ಕಪತ್ರವನ್ನೋ ಇಂಗ್ಲಿಷನ್ನೋ ಹೇಳಿಕೊಡಬಹುದು. ರಾತ್ರಿಶಾಲೆಗಳನ್ನು ಕಟ್ಟಿದ ಊರು ಇದು. ಹಿರಿಯರು ಅದನ್ನು ಕಟ್ಟಿದಾಗ ಅವರ ಜೇಬೇನೂ ತುಂಬಿರಲಿಲ್ಲ.

ನಿಮ್ಮ ಮನೆಯಲ್ಲಿ ಆ ಏಣಿ ಹತ್ತಿದವರಿದ್ದರೆ, ಅಥವಾ ಈಗ ಮೊದಲ ಮೆಟ್ಟಿಲು ಹುಡುಕುತ್ತಿರುವ ಮಕ್ಕಳಿದ್ದರೆ ನಮಗೆ ಬರೆಯಿರಿ. ಮುಂದಿನ ಕಾರ್ಯಕ್ರಮದಲ್ಲಿ ನಿಮ್ಮ ಪತ್ರಗಳನ್ನೇ ಓದುತ್ತೇನೆ.