ಅಪ್‌ಗ್ರೇಡ್ ಆದ್ಮೇಲೆ ಇಂಡೆಕ್ಸ್ ಯಾಕೆ ಬಳಕೆಯಾಗಲ್ಲ?

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಿಂದ ಮಾತಾಡ್ತಿದ್ದೀನಿ. ಶನಿವಾರ ರಾತ್ರಿ ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ಮುಗಿಸಿ, ಸೋಮವಾರ ಬೆಳಿಗ್ಗೆ "ಎಲ್ಲಾ ಸ್ಲೋ ಆಗಿದೆ" ಅಂತ ಫೋನ್ ಬರುತ್ತಲ್ಲ, ಅವರಿಗಾಗಿ ಈ ವಿಡಿಯೋ.

ಇಲ್ಲಿನ ಒಂದು ಆಸ್ಪತ್ರೆಯ ಬಿಲ್ಲಿಂಗ್ ಸಿಸ್ಟಮ್ ನೋಡೋಕೆ ಕರೆದಿದ್ದರು. ವರ್ಷನ್ 12ರಿಂದ 16ಕ್ಕೆ ಹೋಗಿದ್ದರು. ತಕ್ಷಣ ತೆರೆಯುತ್ತಿದ್ದ ಹಳೇ ಬಿಲ್‌ಗೆ ಈಗ ಅರ್ಧ ನಿಮಿಷ. ಕೌಂಟರ್ ಮುಂದೆ ರೋಗಿಗಳ ಸಾಲು. ಇಂಡೆಕ್ಸ್ ಇದೆ, ಆದರೆ ಎಕ್ಸ್‌ಪ್ಲೇನ್ ಕೊಟ್ಟರೆ ಸೀಕ್ವೆನ್ಷಿಯಲ್ ಸ್ಕ್ಯಾನ್.

ಕಾರಣ ಸರಳ. ವರ್ಷನ್ 17ರವರೆಗೆ ಪಿಜಿ_ಅಪ್‌ಗ್ರೇಡ್ ಡೇಟಾ, ಇಂಡೆಕ್ಸ್ ಎರಡನ್ನೂ ತರುತ್ತೆ, ಪ್ಲಾನರ್‌ನ ಸ್ಟ್ಯಾಟಿಸ್ಟಿಕ್ಸ್ ತರಲ್ಲ. ಬೆಂಗಳೂರಿನಿಂದ ಹೊಸದಾಗಿ ಇಲ್ಲಿಗೆ ಬಂದವರ ಕೈಲಿ ಮ್ಯಾಪ್ ಇರುತ್ತೆ, ಯಾವ ರಸ್ತೆ ಯಾವಾಗ ಜಾಮ್ ಅಂತ ಗೊತ್ತಿರಲ್ಲ. ಹಾಗೇ ಇದು. ಸ್ಟ್ಯಾಟಿಸ್ಟಿಕ್ಸ್ ಇಲ್ಲದ, ಯೂನಿಕ್ ಅಲ್ಲದ ಕಾಲಮ್‌ನಲ್ಲಿ 200 ಬೇರೆ ಬೇರೆ ಮೌಲ್ಯಗಳಿವೆ ಅಂತ ಪ್ಲಾನರ್ ಊಹಿಸುತ್ತೆ. 10 ಲಕ್ಷ ಸಾಲಿನ ಟೇಬಲ್ ಆದರೆ 5,000 ಸಾಲು ಸಿಗುತ್ತೆ ಅನ್ನೋ ಲೆಕ್ಕ. ನಿಜವಾಗಿ ಸಿಗೋದು ಮೂರು. ಅಷ್ಟು ಸಾಲಿಗೆ ಜಾಯಿನ್ ಮಾಡಬೇಕು ಅಂದ್ಕೊಂಡು ಇನ್ನೊಂದು ಟೇಬಲ್ಲನ್ನು ಪೂರ್ತಿ ಓದಿಬಿಡುತ್ತೆ.

ಏನು ಮಾಡಬೇಕು?

ಒಂದು: ಅಪ್‌ಗ್ರೇಡ್ ಮುಗಿದ ಕೂಡಲೇ ಎಲ್ಲಾ ಡೇಟಾಬೇಸ್ ಮೇಲೆ ಅನಲೈಜ್ ಓಡಿಸಿ. ವ್ಯಾಕ್ಯೂಮ್‌ಡಿಬಿಯ ಅನಲೈಜ್-ಇನ್-ಸ್ಟೇಜಸ್ ಆಪ್ಷನ್ ಮೂರು ಹಂತದಲ್ಲಿ ಬೇಗ ಕೆಲಸ ಶುರು ಮಾಡಿಸುತ್ತೆ. ಆಟೋವ್ಯಾಕ್ಯೂಮ್ ನಂಬಿ ಕೂರಬೇಡಿ. ಬದಲಾಗದ ಟೇಬಲ್ ಅದು ಮುಟ್ಟಲ್ಲ.

ಎರಡು: ಆಮೇಲೂ ಸರಿಹೋಗದಿದ್ದರೆ, ನಿಮ್ಮ ಸೆಷನ್‌ನಲ್ಲಿ ಮಾತ್ರ ಎನೇಬಲ್_ಸೀಕ್‌ಸ್ಕ್ಯಾನ್ ಆಫ್ ಮಾಡಿ ನೋಡಿ. ಈಗ ಇಂಡೆಕ್ಸ್ ಬಂದರೆ ಅದು ಕಾಸ್ಟ್ ಲೆಕ್ಕದ ಸಮಸ್ಯೆ. ಆಗಲೂ ಬರದಿದ್ದರೆ ಆ ಕ್ವೆರಿಗೆ ಇಂಡೆಕ್ಸ್ ಹೊಂದ್ತಿಲ್ಲ: ಡೇಟಾ ಟೈಪ್, ಕೊಲೇಷನ್, ಕಾಲಮ್ ಮೇಲಿನ ಫಂಕ್ಷನ್ ನೋಡಿ.

ಮೂರು: ಜೊತೆಗೆ ಲಿನಕ್ಸ್ ಕೂಡ ಬದಲಾಯಿಸಿದ್ದೀರಾ? 2018ರಲ್ಲಿ ಬಂದ ಜಿಲಿಬ್‌ಸಿ 2.28 ಅಕ್ಷರಗಳ ವಿಂಗಡಣೆ ಕ್ರಮವನ್ನೇ ಬದಲಿಸಿತು. ಸೆಂಟ್‌ಓಎಸ್ 7ರಂಥ ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಅದೇ ಡೇಟಾ ಫೈಲ್ ಒಯ್ದರೆ, ಟೆಕ್ಸ್ಟ್ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಲೇಬೇಕು. ಇದು ಸ್ಲೋ ಸಮಸ್ಯೆಗಿಂತ ಅಪಾಯ. ಇಂಡೆಕ್ಸ್ ಬಿಟ್ಟರೆ ಉತ್ತರ ತಡ. ಕೆಟ್ಟ ಇಂಡೆಕ್ಸ್ ಬಳಸಿದರೆ ಉತ್ತರವೇ ಸುಳ್ಳು. ಇರೋ ರೋಗಿಯ ಹೆಸರು "ಇಲ್ಲ" ಅಂತ ಬರುತ್ತೆ, ಇನ್ನೊಂದು ಫೈಲ್ ಹುಟ್ಟುತ್ತೆ, ಅಲರ್ಜಿಯ ದಾಖಲೆ ಹಳೇ ಫೈಲಲ್ಲೇ ಉಳಿಯುತ್ತೆ.

ಆಸ್ಪತ್ರೆಯಲ್ಲಿ ಸರ್ವರ್ ಬದಲಾಗಿರಲಿಲ್ಲ, ಅನಲೈಜ್ ಸಾಕಾಯ್ತು. 2025ರ ವರ್ಷನ್ 18ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಜೊತೆಗೇ ಬರುತ್ತೆ. ಆದರೆ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್‌ನಿಂದ ಮಾಡಿದ್ದು ಬರಲ್ಲ, ಅದಕ್ಕೆ ಅನಲೈಜ್ ಬೇಕೇ ಬೇಕು.

ನಿಮ್ಮ ಅಪ್‌ಗ್ರೇಡ್ ಚೆಕ್‌ಲಿಸ್ಟ್‌ಗೆ ಈ ಮೂರು ಸೇರಿಸಿಕೊಳ್ಳಿ.