ಸ್ಲೈಡಿನೊಳಗೆ ವಿಡಿಯೊ ಓಡದಿದ್ದಾಗ

ಮೇಷ್ಟ್ರುಗಳಿಂದ, ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು: ‘ಪವರ್‌ಪಾಯಿಂಟ್‌ಗೆ ಹಾಕಿದ ವಿಡಿಯೊ ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ, ಸಭಾಂಗಣದ ಕಂಪ್ಯೂಟರಿನಲ್ಲಿ ಬರೀ ಕಪ್ಪು ಚೌಕ, ಇಲ್ಲವೇ ಧ್ವನಿ ಮಾತ್ರ. ಪ್ರೊಜೆಕ್ಟರ್ ಕೆಟ್ಟಿದೆಯಾ?’ ಸ್ಲೈಡು ಕಾಣಿಸುತ್ತಿದೆಯಲ್ಲ, ಪ್ರೊಜೆಕ್ಟರನ್ನು ಯಾಕೆ ಬೈಯುತ್ತೀರಿ? ನೋಡಬೇಕಾದ್ದು ಫೈಲಿನ ಒಳಗೆ.

ವಿಡಿಯೊ ಫೈಲಿನ ಹೆಸರಿನ ಕೊನೆಯಲ್ಲಿ ಕಾಣುವ ಎಂಪಿ4 ಅನ್ನುವುದು ಡಬ್ಬ ಮಾತ್ರ. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ತುಂಬಿದ್ದಾರೆ ಅನ್ನುವುದು ಬೇರೆ ವಿಷಯ. ಅದೇ ಕೋಡೆಕ್. 2003ರಲ್ಲಿ ಬಂದ ಎಚ್.264 ಈಗ ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತೆ. 2013ರಲ್ಲಿ ಬಂದ ಎಚ್.265, ಅಂದರೆ ಎಚ್‌ಇವಿಸಿ, ಜಾಗ ಉಳಿಸುತ್ತದೆ. ಹಾಗಾಗಿ ಎಷ್ಟೋ ಫೋನುಗಳು ಅದರಲ್ಲೇ ಚಿತ್ರೀಕರಿಸುತ್ತವೆ. ಅದನ್ನು ಬಿಡಿಸಿ ಓದುವ ತಂತ್ರಾಂಶ ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಚಿತ್ರ ಬರುವುದಿಲ್ಲ.

‘ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತಲ್ಲ ಸಾರ್’ ಅನ್ನುತ್ತಾರೆ. ಓಡುತ್ತೆ. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು ತಾನೇ ಹೊತ್ತು ತರುತ್ತದೆ. ಪವರ್‌ಪಾಯಿಂಟ್ ವಿಂಡೋಸ್‌ನಲ್ಲಿ ಇರುವುದನ್ನೇ ನೆಚ್ಚಿಕೊಂಡಿದೆ. ವಿಎಲ್‌ಸಿ ಪರೀಕ್ಷೆ ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು ನಂಬಿಕೆಯಂತೂ ನನ್ನ ತಾಳ್ಮೆ ಕೆಡಿಸುತ್ತದೆ. ಶಿಕ್ಷಕರ ತರಬೇತಿಯೊಂದರಲ್ಲಿ ಒಬ್ಬರು ಕಪ್ಪೆಯ ಹೃದಯ ಬಡಿಯುವ ಸೊಗಸಾದ ವಿಡಿಯೊ ತಂದಿದ್ದರು. ಓಡಲಿಲ್ಲ. ಪಕ್ಕದಲ್ಲಿದ್ದವರು ಹೆಸರಿನ ಕೊನೆಯ ‘ಎಂಒವಿ’ ಅಳಿಸಿ ‘ಎಂಪಿ4’ ಅಂತ ಟೈಪು ಮಾಡಿ, ‘ಈಗ ಸರಿಯಾಯ್ತು’ ಅಂದರು. ಎಲ್ಲಿಂದ ಸರಿಯಾಗಬೇಕು! ಡಬ್ಬದ ಚೀಟಿ ಬದಲಾಯಿಸಿದರೆ ಒಳಗಿನ ರಾಗಿ ಗೋಧಿ ಆಗುತ್ತದೆಯೇ? ಇನ್ನೊಮ್ಮೆ ಹೇಳುತ್ತೇನೆ: ಹೆಸರು ಬದಲಾಯಿಸುವುದು ಪರಿವರ್ತನೆಯಲ್ಲ. ಫೈಲನ್ನು ನಿಜವಾಗಿ ಪರಿವರ್ತಿಸಲೇಬೇಕು.

ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ. ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ, ಡಬ್ಬ ಎಂಪಿ4. ಇಷ್ಟು ಬರೆದಿಟ್ಟುಕೊಳ್ಳಿ. ಐಫೋನ್ ಇದ್ದವರು ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ ಚಿತ್ರೀಕರಿಸಿದರೆ ಈ ಕೆಲಸವೂ ಉಳಿಯುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪವರ್‌ಪಾಯಿಂಟ್ 2010ರಿಂದೀಚೆಗೆ ವಿಡಿಯೊ ಪ್ರೆಸೆಂಟೇಶನ್ನಿನ ಒಳಗೇ ಸೇರಿಕೊಳ್ಳುತ್ತದೆ. ನೀವೇ ‘ಲಿಂಕ್ ಟು ಫೈಲ್’ ಕೊಟ್ಟಿದ್ದರೆ ಮಾತ್ರ ಮೂಲ ಫೈಲನ್ನೂ ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಯೂಟ್ಯೂಬ್ ಕೊಂಡಿ ಹಾಕಿದ್ದರೆ ಅಲ್ಲಿ ಇಂಟರ್ನೆಟ್ ಬೇಕೇ ಬೇಕು. ಕೊನೆಯದಾಗಿ, ಸಭೆಗೆ ಅರ್ಧ ಗಂಟೆ ಮುಂಚೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲೇ ಸ್ಲೈಡ್ ಶೋ ಹಾಕಿ, ಧ್ವನಿ ಸಮೇತ ವಿಡಿಯೊವನ್ನು ಪೂರ್ತಿ ಓಡಿಸಿ ನೋಡಿ.